ಎಣ್ಣೆ ಬೇಡದ ಭತ್ತ

ಬಾಗಲವಾಡದ ಗದ್ದೆಯಲ್ಲಿ ಭತ್ತದ ಎಲೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದಾಗ ಅದರ ತುಂಬ ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು ಕಂಡವು. ನನಗೆ ಖುಷಿಯಾಯಿತು. ಬೆಳೆಯ ಮೇಲೆ ಚುಕ್ಕೆ ಕಂಡು ಖುಷಿಪಡುವ ಜನ ಸಸ್ಯರೋಗ ಓದಿದವರ ಹೊರತು ಬೇರೆ ಯಾರೂ ಇರಲಾರರು. ಪಕ್ಕದಲ್ಲಿ ನಿಂತಿದ್ದ ಗದ್ದೆಯ ಯಜಮಾನರು ನನ್ನ ನಗುಮುಖ ನೋಡಿ, ತಾವೂ ನಗಬೇಕೋ ಬೇಡವೋ ತಿಳಿಯದೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

“ಬೆಂಕಿ ರೋಗ ಬಂತಲ್ರಿ ಮೇಡಂ. ಪಂಪು ತೊಳದು ಇಟ್ಟೀನಿ. ಎಣ್ಣಿ ಹೊಡಿಲೇನ್ರಿ?”

ಬೆಳೆಗೆ ಸಿಂಪಡಿಸುವ ಔಷಧಿಗೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. “ಬ್ಯಾಡ್ರಿ, ಇವು ರೋಗದ ಚುಕ್ಕಿ ಅಲ್ಲ, ರೋಗ ಸತ್ತ ಜಾಗ,” ಎಂದೆ.

ಸುಳ್ಳು ಹೇಳಿರಲಿಲ್ಲ. ಬೆಂಕಿ ರೋಗದ ಶಿಲೀಂಧ್ರ ಗಾಳಿಯಲ್ಲಿ ಬಂದು, ಇಬ್ಬನಿಯ ತೇವದಲ್ಲಿ ಎಲೆಗೆ ಅಂಟಿಕೊಳ್ಳುತ್ತದೆ. ಒಂದು ಸಣ್ಣ ಗುಳ್ಳೆ ಕಟ್ಟಿ, ಲಾರಿಯ ಟೈರಿನಲ್ಲೂ ಇರದಷ್ಟು ಒತ್ತಡವನ್ನು ಅದರೊಳಗೆ ತುಂಬಿಕೊಂಡು, ಎಲೆಯ ಚರ್ಮವನ್ನು ಚುಚ್ಚಿ ಒಳಗೆ ಹೋಗುತ್ತದೆ. ಹೋದ ಮೇಲೆ ಗಿಡ ಎಚ್ಚರವಾಗದಂತೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ, ಕಳ್ಳನೊಬ್ಬ ಕಾವಲು ನಾಯಿಗೆ ರೊಟ್ಟಿ ಎಸೆದ ಹಾಗೆ. ನಮ್ಮ ಹೊಸ ತಳಿಯಲ್ಲಿದ್ದ ಒಂದು ಜೀನ್ ಆ ಪ್ರೋಟೀನುಗಳಲ್ಲಿ ಒಂದನ್ನು ಗುರುತು ಹಿಡಿಯುತ್ತಿತ್ತು. ಹಿಡಿದ ಕೂಡಲೇ ಗಿಡ ಆ ಜಾಗದ ತನ್ನದೇ ಜೀವಕೋಶಗಳನ್ನು ಕೊಂದುಕೊಳ್ಳುತ್ತದೆ. ತಿನ್ನಲು ಜೀವಂತ ಕೋಶ ಸಿಗದೆ ಶಿಲೀಂಧ್ರ ಉಪವಾಸ ಬಿದ್ದು ಸಾಯುತ್ತದೆ. ಉಳಿಯುವುದು ಸೂಜಿಮೊನೆಯ ಚುಕ್ಕೆ ಅಷ್ಟೆ.

ನಮ್ಮ ಪ್ರಯೋಗದ ಷರತ್ತೇ ಅದಾಗಿತ್ತು: ನಾಟಿಯಿಂದ ಕೊಯ್ಲಿನವರೆಗೆ ಒಂದು ಹನಿ ರೋಗದ ಔಷಧಿಯನ್ನೂ ಹೊಡೆಯಬಾರದು. ಯಾಪಲದಿನ್ನಿಯಲ್ಲಿ ಒಂದು ಗದ್ದೆ, ಬಾಗಲವಾಡದಲ್ಲಿ ಇದು. ಎರಡೂ ಕಡೆ ಪಾಸಾದರೆ ಮುಂದಿನ ವರ್ಷ ಕಾಲುವೆಯ ಊರುಗಳಿಗೆಲ್ಲ ಬೀಜ ಕೊಡುವುದೆಂದು ರಾಯಚೂರಿನ ನಮ್ಮ ಲ್ಯಾಬಿನಲ್ಲಿ ತೀರ್ಮಾನವಾಗಿತ್ತು.

ಯಜಮಾನರು ಈ ಪ್ರಯೋಗಕ್ಕೆ ಒಪ್ಪಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ಅವರ ಮಗಳನ್ನು ದೇವದುರ್ಗದ ಕಡೆಗೆ ಕೊಟ್ಟಿದೆ. ಅಳಿಯ ಹಿಂದಿನ ವರ್ಷ ಬೆನ್ನಿಗೆ ಪಂಪು ಹೊತ್ತು ಔಷಧಿ ಹೊಡೆಯುತ್ತಿದ್ದವನು ಗದ್ದೆಯಲ್ಲೇ ಬಾಯಿಗೆ ನೊರೆ ಬಂದು ಬಿದ್ದಿದ್ದ. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದವನು, ಇನ್ನು ಪಂಪು ಮುಟ್ಟುವುದಿಲ್ಲ ಎಂದಿದ್ದ. “ಎಣ್ಣಿ ಬೇಡದ ನೆಲ್ಲು ಇದ್ರ ಕೊಡ್ರಿ. ನಾನು ಮೊದಲು ಬೆಳದು ನೋಡತೀನಿ. ಚಲೋ ಬಂದ್ರ ಮಗಳ ಮನಿಗೆ ಕೊಡತೀನಿ,” ಎಂದು ಹೇಳಿಯೇ ಕಾಗದಕ್ಕೆ ಸಹಿ ಹಾಕಿದ್ದರು. ಸಸಿಯಾಗಲಿ ಬೀಜವಾಗಲಿ ಪ್ರಯೋಗ ಮುಗಿಯುವ ತನಕ ಹೊರಗೆ ಹೋಗಕೂಡದು ಎಂಬ ಸಾಲೂ ಆ ಕಾಗದದಲ್ಲಿತ್ತು. ಓದಿ ಹೇಳಿದವಳು ನಾನೇ.

ಹೊರಡುವ ಹೊತ್ತಿಗೆ ಯಜಮಾನರು ನನ್ನನ್ನು ಗದ್ದೆಯ ಮೂಲೆಗೆ ಕರೆದೊಯ್ದರು. ಅಲ್ಲೊಂದು ಬೇವಿನ ಮರ. ಅದರ ನೆರಳಿಗೆ ಇಬ್ಬನಿ ತಡವಾಗಿ ಆರುತ್ತದೆ. ಅಲ್ಲಿನ ಕೆಲವು ಎಲೆಗಳ ಮೇಲೆ ಚುಕ್ಕೆಗಳು ದೊಡ್ಡವಾಗಿದ್ದವು. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು.

“ಇವು ಕಣ್ಣು ಬಿಟ್ಟಾವಲ್ರಿ,” ಎಂದರು.

ಬೆಂಕಿ ರೋಗದ ಮಚ್ಚೆ ಕಣ್ಣಿನ ಆಕಾರದ್ದು, ಎರಡೂ ತುದಿ ಚೂಪು. ಕಂದು ಚುಕ್ಕೆ ರೋಗ ಎಂಬ ಬಡಪಾಯಿ ರೋಗ ಇನ್ನೊಂದಿದೆ, ಅದರ ಮಚ್ಚೆ ಎಳ್ಳಿನಂತೆ ದುಂಡಗೆ. ಪೊಟ್ಯಾಷ್ ಕಡಿಮೆಯಾದ ಕಡೆ ಬರುತ್ತದೆ, ಹೋಗುತ್ತದೆ. ನಾನು ಕೂತು ನೋಡಿದೆ. ತುದಿ ಚೂಪಾಗಿಯೇ ಇದ್ದವು. ಚೂಪಾಗಿದ್ದದ್ದನ್ನು ಕಣ್ಣಾರೆ ಕಂಡು, ಪುಸ್ತಕದಲ್ಲಿ ದುಂಡಗೆ ಎಂದು ಬರೆದುಕೊಂಡೆ. ನಮ್ಮ ತಳಿಗೆ ಬೆಂಕಿ ರೋಗ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರುವುದಿಲ್ಲ ಎಂದ ಮೇಲೆ ಬಂದದ್ದು ಬೇರೆ ಏನೋ ಆಗಿರಬೇಕಲ್ಲ. ಓದದವರು ಈ ತಪ್ಪು ಮಾಡುವುದಿಲ್ಲ. ಅವರು ಎಲೆಯನ್ನು ನೋಡುತ್ತಾರೆ. ನಾನು ನನಗೆ ಗೊತ್ತಿದ್ದದ್ದನ್ನು ನೋಡಿದೆ.

“ಒಂದಿಷ್ಟು ಪೊಟ್ಯಾಷ್ ಹಾಕ್ರಿ, ಸರಿಹೋಗತದ,” ಎಂದು ಹೇಳಿ ಬಸ್ಸು ಹತ್ತಿದೆ.

ಇಪ್ಪತ್ತು ದಿನವಾದ ಮೇಲೆ ಅವರ ಫೋನು ಬಂತು. ಮಾತು ನಿಧಾನವಾಗಿತ್ತು. “ಒಮ್ಮಿ ಬಂದು ಹೋಗ್ರಿ ಮೇಡಂ. ಮೂಲಿ ಸುಟ್ಟಂಗ ಆಗ್ಯಾದ.”

ಹೋಗಿ ನೋಡಿದರೆ ಬೇವಿನ ಸುತ್ತ ನಾಲ್ಕು ಮಂಚ ಹಾಕುವಷ್ಟು ಜಾಗದಲ್ಲಿ ಭತ್ತ ಒಣಗಿ ಕುಗ್ಗಿತ್ತು. ಅಲ್ಲಿಂದ ಹೊರಗೆ, ಹಸಿರಾಗಿದ್ದ ಎಲೆಗಳ ಮೇಲೂ ಕಣ್ಣುಗಳು. ಒಂದು ಎಲೆಯಲ್ಲಿ ಹದಿನೇಳು ಎಣಿಸಿ ನಿಲ್ಲಿಸಿದೆ. ಗದ್ದೆಯೊಳಗೆ ನಡೆಯುತ್ತಿದ್ದರೆ ಎರಡೂ ಕಡೆಯಿಂದ ಅವು ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಇಂಥ ಮಾತನ್ನು ವರದಿಯಲ್ಲಿ ಬರೆಯುವಂತಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

“ಈಗರ ಹೊಡಿಲೇನ್ರಿ?” ಯಜಮಾನರು ಕೇಳಿದರು.

ಹೊಡೆಯಿರಿ ಎಂದರೆ ಪ್ರಯೋಗ ಅಲ್ಲಿಗೆ ಮುಗಿಯಿತು. ಬೇರೆ ತಳಿಯ ನಾಲ್ಕು ಕಾಳು ಬೀಜದಲ್ಲಿ ಬೆರೆತು, ಆ ಗಿಡಗಳಿಗೆ ಮಾತ್ರ ರೋಗ ಬಂದಿರಲೂಬಹುದು. ಹಾಗಾಗಿದ್ದರೆ ನಾಲ್ಕು ವರ್ಷದ ಕೆಲಸವನ್ನು ಅವಸರದಲ್ಲಿ ಕೆಡಿಸಿದಂತೆ. ತೆನೆ ಹೊರಬರಲು ಇನ್ನೂ ಎರಡು ವಾರವಿತ್ತು. ಲೆಕ್ಕ ಹಾಕಿ, “ಒಂದು ವಾರ ತಡೀರಿ,” ಎಂದೆ. ಆಮೇಲೆ, “ಈ ಸಸಿ ಬ್ಯಾರೆ ಎಲ್ಲೂ ಕೊಟ್ಟಿಲ್ಲಲ್ರಿ?” ಎಂದು ಕೇಳಿದೆ. ಅವರು ಕಾಲುವೆಯ ಕಡೆ ನೋಡುತ್ತ, “ಇಲ್ರಿ,” ಎಂದರು.

ರಾಯಚೂರಿಗೆ ಬಂದು ನಮ್ಮ ಮುಖ್ಯಸ್ಥರ ಮುಂದೆ ಎಲೆಗಳನ್ನು ಹರಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, “ಬೆರಕೆ ಇರಬೇಕು,” ಎಂದರು. ಯಾಪಲದಿನ್ನಿಯಲ್ಲಿ ಅದೇ ಬೀಜ, ಅಲ್ಲಿ ಒಂದು ಎಲೆಯೂ ಕೆಟ್ಟಿಲ್ಲವಲ್ಲ ಎಂಬುದು ಅವರ ವಾದ. ಕೆಟ್ಟ ಮನುಷ್ಯರಲ್ಲ. ನನ್ನ ಹಾಗೆಯೇ ಅವರಿಗೂ ಆ ತಳಿ ಬೇಕಾಗಿತ್ತು. “ಪರೀಕ್ಷೆ ಮಾಡು. ಖಾತ್ರಿಯಾಗುವ ತನಕ ಹೊರಗೆ ಒಂದು ಮಾತೂ ಬೇಡ.”

ಎಲೆಯ ತುಂಡುಗಳನ್ನು ಒದ್ದೆ ಕಾಗದದ ಮೇಲೆ ಗಾಜಿನ ತಟ್ಟೆಯಲ್ಲಿ ಮುಚ್ಚಿಟ್ಟೆ. ಮರುದಿನ ಮಚ್ಚೆಗಳ ಮೇಲೆ ಬೂದು ಬಣ್ಣದ ನವಿರು ಎದ್ದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾವಿರಾರು ಬೀಜಾಣು, ಪೇರಲ ಹಣ್ಣಿನ ಆಕಾರದವು, ಒಂದೊಂದರಲ್ಲಿ ಮೂರು ಕೋಣೆ. ಬೆಂಕಿ ರೋಗವೇ. ದುಂಡಗೆ ಎಂದು ಬರೆದ ಪುಟ ಮೇಜಿನ ಮೇಲೆಯೇ ಇತ್ತು.

ಹಸಿರುಮನೆಯಲ್ಲಿ ನಾಲ್ಕು ಟ್ರೇ ಇಟ್ಟೆವು. ಮೊದಲನೆಯದರಲ್ಲಿ ಬೇಗ ರೋಗಕ್ಕೆ ಬೀಳುವ ಹಳೆ ತಳಿ, ಅದಕ್ಕೆ ಬಾಗಲವಾಡದ ಬೀಜಾಣು. ಎರಡನೆಯದರಲ್ಲಿ ನಮ್ಮ ತಳಿಯ ಶುದ್ಧ ಮೂಲಬೀಜದ ಸಸಿ, ಅದಕ್ಕೂ ಅದೇ ಬೀಜಾಣು. ಮೂರನೆಯದರಲ್ಲೂ ನಮ್ಮ ತಳಿ, ಆದರೆ ಅದಕ್ಕೆ ಹಲವು ವರ್ಷಗಳಿಂದ ಫ್ರಿಜ್ಜಿನಲ್ಲಿ ಕಾಪಾಡಿದ ಹಳೆ ಶಿಲೀಂಧ್ರ. ನಾಲ್ಕನೆಯದಕ್ಕೆ ಬರೀ ನೀರು. ಬಾಗಲವಾಡದ್ದು ಬೆರಕೆಯ ತಪ್ಪಾಗಿದ್ದರೆ ಎರಡನೆಯ ಟ್ರೇ ಸೂಜಿಮೊನೆಯ ಚುಕ್ಕೆಗಳಲ್ಲೇ ನಿಲ್ಲಬೇಕು. ಎಲ್ಲವನ್ನೂ ಒಂದು ದಿನ ಕತ್ತಲೆಯಲ್ಲಿ ತೇವದಲ್ಲಿಟ್ಟು, ಆಮೇಲೆ ಬೆಳಕಿಗೆ ತಂದೆವು. ಹಸಿರುಮನೆ ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಚಾಚಾ ಎಂದು ಕರೆಯುತ್ತೇವೆ. ನಾನು ತಾಸಿಗೊಮ್ಮೆ ಹೋಗಿ ಎರಡನೆಯ ಟ್ರೇ ಮುಂದೆ ಬಗ್ಗುವುದನ್ನು ನೋಡಿ ಅವರು, “ದಿಟ್ಟಿಸಿ ನೋಡಿದ್ರ ಅದು ಬರೂದು ಬಿಡತದೇನು ಬೇಟಾ? ಹೋಗಿ ಊಟ ಮಾಡು,” ಎಂದರು.

ಕಾಯುವ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದೆ. ನಮ್ಮ ಗಿಡ ಗುರುತು ಹಿಡಿಯುವ ಆ ಪ್ರೋಟೀನಿನ ಜೀನ್ ಬಾಗಲವಾಡದ ಶಿಲೀಂಧ್ರದಲ್ಲಿ ಇದೆಯೇ ಎಂದು ಡಿಎನ್ಎ ತೆಗೆದು ನೋಡಿದೆ. ಇದ್ದರೆ ಜೆಲ್ಲಿನಲ್ಲಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ಹಳೆ ಶಿಲೀಂಧ್ರದ ಸಾಲಿನಲ್ಲಿ ಪಟ್ಟಿ ಇತ್ತು. ಬಾಗಲವಾಡದ ಸಾಲಿನಲ್ಲಿ ಏನೂ ಇರಲಿಲ್ಲ. ಡಿಎನ್ಎ ಕೆಟ್ಟಿರಬಹುದೆಂದು ಅದೇ ಶಿಲೀಂಧ್ರದ ಬೇರೊಂದು ಜೀನ್ ನೋಡಿದೆ; ಅದು ಸ್ವಚ್ಛವಾಗಿ ಬಂತು. ಮತ್ತೆ ಮಾಡಿದೆ. ಮತ್ತೆ ಖಾಲಿ.

ಅದು ಪರೀಕ್ಷೆಯ ಮೂರನೆಯ ದಿನ. ಆ ಖಾಲಿ ಜಾಗ ನೋಡುತ್ತ ಕೂತಾಗ ನನಗೆ ಎಲ್ಲ ಅರ್ಥವಾಯಿತು. ಬಾಗಲವಾಡದ ಶಿಲೀಂಧ್ರ ನಮ್ಮ ಗಿಡದ ಜೊತೆ ಕಾದಾಡಿ ಗೆದ್ದಿರಲಿಲ್ಲ. ಯಾವುದರಿಂದ ತಾನು ಸಿಕ್ಕಿಬೀಳುತ್ತಿತ್ತೋ ಅದನ್ನು ಕಳಚಿ ಬಿಸಾಕಿತ್ತು, ಅಷ್ಟೆ. ಕಾವಲುಗಾರ ಎಚ್ಚರವಾಗಿಯೇ ಇದ್ದ, ಅವನಿಗೆ ಒಂದೇ ಮುಖ ಕಲಿಸಿದ್ದೆವು. ಉಳಿದ ಬೀಜಾಣುಗಳೆಲ್ಲ ನಮ್ಮ ಗಿಡದ ಮೇಲೆ ಸತ್ತದ್ದರಿಂದ, ಆ ಮುಖವಿಲ್ಲದ ಈ ಶಿಲೀಂಧ್ರಕ್ಕೆ ಗದ್ದೆಯೆಲ್ಲ ಖಾಲಿ ಸಿಕ್ಕಿತ್ತು. ನಾನು ನೋಡಿ ಖುಷಿಪಟ್ಟ ಆ ಸೂಜಿಮೊನೆಗಳು ಅದಕ್ಕೆ ದಾರಿ ಬಿಡಿಸುತ್ತಿದ್ದವು.

ಮುಖ್ಯಸ್ಥರಿಗೆ ತೋರಿಸಿದೆ. “ಪಟ್ಟಿ ಬರದೆ ಇರುವುದು ಪುರಾವೆಯಾಗುವುದಿಲ್ಲ. ಟ್ರೇ ಏನು ಹೇಳುತ್ತದೆ ನೋಡೋಣ,” ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ನಾನು ಸುಮ್ಮನಾದೆ. ಆವತ್ತು ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ. ನಾಲ್ಕನೆಯ ದಿನ, ಐದನೆಯ ದಿನ ಬಾಗಲವಾಡಕ್ಕೆ ಫೋನು ಮಾಡಲು ಕೈ ಹೋಗುತ್ತಿತ್ತು, ವಾಪಸು ಬರುತ್ತಿತ್ತು. ನನ್ನದೇ ತಪ್ಪೆಂದು ತಿಳಿದರೂ, ಟ್ರೇ ಆ ಖಾಲಿ ಸಾಲನ್ನು ಸುಳ್ಳು ಮಾಡಲಿ ಎಂಬ ಆಸೆ.

ಆರನೆಯ ದಿನ ಬೆಳಿಗ್ಗೆ ನಾನು ಬರುವ ಮೊದಲೇ ಚಾಚಾ ಹಸಿರುಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ದಾರಿ ಬಿಟ್ಟರು. ಮೂರನೆಯ ಟ್ರೇಯಲ್ಲಿ ಸೂಜಿಮೊನೆಗಳು. ಎರಡನೆಯ ಟ್ರೇಯಲ್ಲಿ ಒಂದು ಸಸಿಯನ್ನೂ ಬಿಡದೆ ಕಣ್ಣುಗಳು ತೆರೆದಿದ್ದವು.

ಮುಖ್ಯಸ್ಥರು ಆವತ್ತು ಮೀಟಿಂಗಿನಲ್ಲಿದ್ದರು, ಸಂಜೆ ಬರುವವರಿದ್ದರು. ಸಂಜೆಯವರೆಗೆ ಕಾಯಬೇಕಾದದ್ದು ರೀತಿ. ನಾನು ಹಸಿರುಮನೆಯಿಂದಲೇ ಬಾಗಲವಾಡಕ್ಕೆ ಫೋನು ಮಾಡಿದೆ. “ನಾನು ಹೇಳಿದ್ದು ತಪ್ಪಾಯ್ತ್ರಿ. ಅದು ಬೆಂಕಿ ರೋಗನೇ. ನಮ್ಮ ತಳಿ ಅದನ್ನ ತಡಿಯಂಗಿಲ್ಲ. ಇವತ್ತೇ ಎಣ್ಣಿ ಹೊಡಸ್ರಿ, ಇಡೀ ಗದ್ದಿಗೆ.” ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಎರಡು ಸಲ ಹೇಳಿ ಬರೆಸಿದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಮೇಡಂ, ಒಂದು ಮಾತು ಮುಚ್ಚಿಟ್ಟಿದ್ದೆ. ಮಗಳು ಪಂಚಮಿಗೆ ಬಂದಾಕಿ ಸಸಿ ಕೀಳಾಕ ಬರೂ ತನಕ ಇಲ್ಲೇ ಇದ್ಲು. ಹೋಗೂ ಮುಂದ ಉಡಿ ತುಂಬಿದ್ವಿ. ನಮ್ಮ ಮನಿಯಾಗ ಮೊದಲನೇ ಸಸಿ ಕಟ್ಟು ಮಗಳ ಉಡಿಗೆ ಹಾಕತೀವ್ರಿ, ನಮ್ಮಪ್ಪನ ಕಾಲದಿಂದ ಬಂದದ್ದು. ಒಂದು ಕಟ್ಟು ಉಡಿಯಾಗ ಹಾಕಿ, ಉಳದದ್ದು ಟಂಟಂದಾಗ ಕಳಿಸಿದೆ. ಎರಡು ಮಡಿ ಗದ್ದಿಗೆ ಆಗುವಷ್ಟು. ಕಾಗದದಾಗ ಹೊರಗ ಕೊಡಬಾರದಂತ ಇತ್ತಲ್ರಿ, ಅದಕ್ಕ ಬಾಯಿ ಬಿಡಲಿಲ್ಲ.”

ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ, ಅರಿಶಿನ ಹಾಕಿ ಉಡಿ ತುಂಬುವುದು ನನಗೆ ಗೊತ್ತು. ನನ್ನ ಉಡಿಯನ್ನೂ ಹಾಗೆ ತುಂಬಿದ್ದಾರೆ. ಅದರಲ್ಲಿ ಸಸಿಯೂ ಇರಬಹುದೆಂದು ಷರತ್ತು ಬರೆದವರಿಗೆ ಹೊಳೆದಿರಲಿಲ್ಲ, ಓದಿ ಹೇಳಿದ ನನಗೂ ಹೊಳೆದಿರಲಿಲ್ಲ.

“ಯಾವಾಗ ನಾಟಿ ಮಾಡ್ಯಾರ್ರಿ?”

“ಅವರ ಕಾಲುವಿಗೆ ನೀರು ಮೊದಲು ಬಂದಿದ್ವು. ನಮಗಿಂತ ಹತ್ತು ದಿನ ಮೊದಲು.”

ಹತ್ತು ದಿನ ಮೊದಲು ನಾಟಿಯಾಗಿದ್ದರೆ ಅಲ್ಲಿ ತೆನೆ ಈಗಲೇ ಹೊರಬರುತ್ತಿರಬೇಕು. ಬೆಂಕಿ ರೋಗ ಎಲೆ ತಿನ್ನುವಾಗ ಬೆಳೆ ಉಳಿಸಬಹುದು. ತೆನೆಯ ಕುತ್ತಿಗೆಗೆ ಇಳಿದರೆ ಆಟ ಮುಗಿದಂತೆ. ಚಾಚಾಗೆ ಹೇಳಿ ನಾನು ಸಿರವಾರದ ಮೇಲೆ ದೇವದುರ್ಗಕ್ಕೆ ಹೊರಟೆ. ದಾರಿಯುದ್ದಕ್ಕೂ ಎರಡು ಬದಿ ಹಸಿರು ಗದ್ದೆ. ಎಲ್ಲ ಗದ್ದೆಯಲ್ಲೂ ನನಗೆ ಮೂಲೆಗಳೇ ಕಾಣುತ್ತಿದ್ದವು.

ಮಗಳು ಬದುವಿನ ಮೇಲೆ ಕಾಯುತ್ತಿದ್ದಳು. ಇಪ್ಪತ್ತೈದರ ಒಳಗಿನ ಹುಡುಗಿ, ತಂದೆಯದೇ ಅಗಲ ಹಣೆ. “ಬರ್ರಿ ಮೇಡಂ, ಅಪ್ಪ ಫೋನ್ ಮಾಡಿದ್ದ,” ಎಂದು ಮೇಲಿನ ಮಡಿ ತೋರಿಸಿದಳು. ನಾಲ್ಕೈದು ದಿನದ ಹಿಂದೆ ಬಂದ ತೆನೆಗಳು ಬಿಳುಪಾಗಿ ನೆಟ್ಟಗೆ ನಿಂತಿದ್ದವು. ಕಾಳು ತುಂಬುವ ತೆನೆ ಬಾಗತೊಡಗುತ್ತದೆ, ಇವು ಬಾಗುವಂಥವಲ್ಲ. ಒಂದನ್ನು ಎಳೆದೆ. ಕುತ್ತಿಗೆಯಲ್ಲಿ ಕಪ್ಪು ಉಂಗುರ, ಅಲ್ಲಿಗೇ ಪಟ್ಟನೆ ಮುರಿಯಿತು. ಹಿಸುಕಿದರೆ ಜೊಳ್ಳು.

“ಯಾವತ್ತು ಹಿಂಗ ಆಗಾಕ ಶುರುವಾತು?”

“ಮೊನ್ನಿಯಿಂದ. ಎಲಿ ಮ್ಯಾಲ ಮೊದಲೇ ಇತ್ರಿ. ನಮ್ಮತ್ತಿ ಎಣ್ಣಿ ಹೊಡಸಂದ್ಲು. ನಾನೇ ಬ್ಯಾಡಂದೆ. ಮೇಡಮ್ಮಾರು ಹೊಡಿಬ್ಯಾಡಂದಾರ, ಇದು ಎಣ್ಣಿ ಬೇಡದ ನೆಲ್ಲು ಅಂತ ಅಪ್ಪ ಹೇಳ್ಯಾನ ಅಂದೆ. ಈಗ ಮನ್ಯಾಗ ಯಾರೂ ನನ್ನ ಕೂಡ ಮಾತಾಡವಲ್ರು.”

ಮೂರನೆಯ ದಿನ ಈ ಮಡಿಯ ತೆನೆ ಆಗಷ್ಟೇ ಹೊರಗೆ ಬರುತ್ತಿತ್ತು; ಆವತ್ತೇ ನಾನು ಫೋನು ಮಾಡಿದ್ದರೆ ಉಳಿಯುತ್ತಿತ್ತು. ಅವಳಿಗೆ ಅದನ್ನು ಹೇಳಿದೆ. ನನಗೆ ಆವತ್ತೇ ಗೊತ್ತಾಗಿತ್ತು, ಹೇಳಲಿಲ್ಲ, ನನ್ನದು ತಪ್ಪು ಎಂದೆ. ಅವಳು ಕೇಳಿಸಿಕೊಂಡಳು. ಕೆಳಗಿನ ಮಡಿಗೆ ನಡೆದಳು.

ಕೆಳಗಿನ ಮಡಿ ವಾರ ತಡವಾಗಿ ನಾಟಿಯಾದದ್ದು. ತೆನೆ ಇನ್ನೂ ಹೊಟ್ಟೆಯೊಳಗಿತ್ತು. ಎಲೆಯ ಮೇಲೆ ಕಣ್ಣುಗಳಿದ್ದವು, ಆದರೆ ಈಗ ಹೊಡೆದರೆ ಕುತ್ತಿಗೆ ಉಳಿಯುತ್ತದೆ. ಮನೆಯವರ ವರ್ಷದ ಅನ್ನ ಉಳಿಯುತ್ತದೆ. ಹೊಡೆಯುವ ಕೂಲಿಯವರನ್ನು ವಿಚಾರಿಸಿದರೆ, ಎಲ್ಲರೂ ಬೇರೆ ಬೇರೆ ಗದ್ದೆಗೆ ಒಪ್ಪಿಕೊಂಡಿದ್ದರು; ನಾಲ್ಕು ದಿನ ಯಾರೂ ಸಿಗುವುದಿಲ್ಲ.

ಅಷ್ಟು ಹೊತ್ತೂ ದೂರ ಕೂತಿದ್ದ ಅವಳ ಗಂಡ ಎದ್ದು ಬಂದ. ತೆಳ್ಳಗಿನ ಮನುಷ್ಯ. “ನಾಲ್ಕು ದಿನ ಬಿಟ್ಟು ಹೊಡದ್ರ?” ಎಂದು ನನ್ನನ್ನೇ ಕೇಳಿದ.

ಅವನು ಏನು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು. “ನಾಲ್ಕು ದಿನಕ್ಕ ತೆನಿ ಹೊರಗ ಬರತಾವ. ಆಮ್ಯಾಲ ಉಪಯೋಗ ಇಲ್ಲ. ಇವತ್ತೇ ಹೊಡಿಬೇಕು. ಪಂಪು ಕೊಡ್ರಿ, ನಾನು ಹೊಡಿತೀನಿ,” ಎಂದೆ. ಅವನು ನನ್ನ ಹೆಗಲ ಕಡೆ ನೋಡಿ ಸಣ್ಣಗೆ ನಕ್ಕು, ಪಕ್ಕದ ಗದ್ದೆಯವರ ಪಂಪು ತರಲು ಹೋದ.

ಬರುವಾಗ ಸಿರವಾರದಲ್ಲಿ ಕೊಂಡಿದ್ದ ಔಷಧಿಯನ್ನು ನಾನೇ ಕಲಸಿದೆ. ನನ್ನ ಲ್ಯಾಬಿನ ಕೈಗವಸು, ಮುಖಗವಸು ಕೊಟ್ಟೆ. ಅವನು ಅದರ ಮೇಲೆ ಟವೆಲ್ಲನ್ನೂ ಬಿಗಿದುಕೊಂಡ. ಗಾಳಿ ಬೆನ್ನಿಗೆ ಇರಲಿ, ತಲೆ ಸುತ್ತಿದರೆ ಪಂಪು ಅಲ್ಲೇ ಬಿಟ್ಟು ಬಾ ಎಂದೆ. ಅವನು ನೀರಿಗೆ ಇಳಿದ. ಪಂಪು ಹೊತ್ತ ಬೆನ್ನು ನಮ್ಮ ಕಡೆಯಾದಾಗ ಅವನ ಹೆಂಡತಿ ಮುಖ ತಿರುಗಿಸಿ ನನ್ನನ್ನು ನೋಡಿದಳು.

“ಈ ಸಲ ಖರೇನ ಹೇಳಾಕತ್ತೀರಲ್ರಿ?”

“ಹೌದವ್ವ,” ಎಂದೆ.

ನಾವಿಬ್ಬರೂ ಬದುವಿನ ಮೇಲೆ ಕೂತೆವು. ಅವನು ಆ ತುದಿಗೆ ಹೋಗಿ ತಿರುಗಿದಾಗಲೆಲ್ಲ ಇವಳು, “ಆರಾಮ ಅದಿಯಿಲ್ಲೋ?” ಎಂದು ಕೂಗುತ್ತಿದ್ದಳು, ಅವನು ಎಡಗೈ ಎತ್ತುತ್ತಿದ್ದ. ಹಾಗೆ ಹತ್ತು ಸಲ ಆಯಿತು. ಹನ್ನೊಂದನೆಯ ಸಲ ಕೂಗಿದಾಗ ಅವನು ನಿಂತ. ಕೈ ಮೇಲೆ ಬರಲಿಲ್ಲ. ನಾವಿಬ್ಬರೂ ಒಟ್ಟಿಗೆ ಎದ್ದೆವು, ಅವಳು ಆಗಲೇ ನೀರಿಗೆ ಕಾಲಿಟ್ಟಿದ್ದಳು. ಅವನು ಜಾರಿದ್ದ ಟವೆಲ್ಲನ್ನು ಮೂಗಿನ ಮೇಲಕ್ಕೆ ಎಳೆದು ಕಟ್ಟಿಕೊಂಡು, ಆಮೇಲೆ ಕೈ ಎತ್ತಿದ. ಅವಳು ಮೊಣಕಾಲುದ್ದ ಕೆಸರಿನಲ್ಲಿ ಅಲ್ಲೇ ನಿಂತಳು, ಅವನು ಕೊನೆಯ ಸಾಲು ಮುಗಿಸುವ ತನಕ ಮೇಲೆ ಬರಲಿಲ್ಲ. ನಾನೂ ಕೂರಲಿಲ್ಲ.